1,900ರ ಗುರಿ, 1,500ಕ್ಕೂ ಕೆಳಗಿಳಿದ 17 ದಿನಗಳು: 11ನೇ ವಾರದ ದಾಖಲೆ

ತೂಕ ಇಳಿಸಲು ದಿನವೂ ತಿಂದ ಕ್ಯಾಲೊರಿಯ ಲೆಕ್ಕ ಇಡುತ್ತಿದ್ದೇನೆ. ಮೊದಲು ತೂಕದ ಅಂಕಿ ಹೇಳಿ ಮುಗಿಸುತ್ತೇನೆ. ಶುರುವಿನಲ್ಲಿ 84.2 ಕೆಜಿ, 42ನೇ ದಿನ 82.1, ಇವತ್ತು 77ನೇ ದಿನ 80.3. ಮೂರೂ ಏಳು ದಿನದ ಸರಾಸರಿ. ಒಂದೇ ಬೆಳಗ್ಗೆಯ ತೂಕವನ್ನು ನಂಬುವುದನ್ನು ಬಿಟ್ಟಿದ್ದೇನೆ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ದಿನದ ಗುರಿ ಅದೇ 1,900 ಕ್ಯಾಲೊರಿ. 1990ರ ಮಿಫ್ಲಿನ್-ಸೇಂಟ್ ಜಿಯೋರ್ ಸೂತ್ರಕ್ಕೆ ನನ್ನ ತೂಕ, 172 ಸೆಂಟಿಮೀಟರ್ ಎತ್ತರ, 41ರ ವಯಸ್ಸು ಹಾಕಿದರೆ ಸುಮ್ಮನೆ ಮಲಗಿದ್ದರೂ ಬೇಕಾಗುವುದು ಸುಮಾರು 1,715. ಕುರ್ಚಿ ಕೆಲಸ ಮತ್ತು ಒಂದಿಷ್ಟು ನಡಿಗೆಗೆ 1.4ರಿಂದ ಗುಣಿಸಿದರೆ ಸುಮಾರು 2,400. ಅದರಲ್ಲಿ 500 ಕಳೆದೆ, ಅಷ್ಟೆ.

ಈ ಸಲ ಬರೆಯಬೇಕಿರುವುದು ಗುರಿ ಮುಟ್ಟದ ದಿನಗಳ ಬಗ್ಗೆ. ಜಾಸ್ತಿ ತಿಂದದ್ದರ ಬಗ್ಗೆ ಎಲ್ಲರೂ ಕೊರಗುತ್ತಾರೆ. ಕಡಿಮೆ ತಿಂದದ್ದೂ ಒಂದು ಸಮಸ್ಯೆ ಅಂತ ನನಗೆ ಹೊಳೆದದ್ದು ತೀರಾ ಇತ್ತೀಚೆಗೆ.

16ನೇ ದಿನ. ಇದನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಕೆಲಸದ ಗಡಿಬಿಡಿಯಲ್ಲಿ ಮಧ್ಯಾಹ್ನದ ಊಟ ಅರ್ಧಕ್ಕೇ ನಿಂತಿತ್ತು. ರಾತ್ರಿ ಹತ್ತೂವರೆಗೆ, ತಿಂದದ್ದನ್ನೆಲ್ಲ ಬರೆದಿಡುವ ಶೀಟ್ ನೋಡಿದರೆ 1,260. ಇನ್ನೂ 640 ಬಾಕಿ! ಅಡುಗೆಮನೆಯ ತಕ್ಕಡಿಯ ಮೇಲೆ ಬಟ್ಟಲಿಟ್ಟು, ಸೊನ್ನೆ ಮಾಡಿ, ಕಡಲೆಕಾಯಿ ಬೀಜ ಸುರಿಯುತ್ತಾ ನಿಂತೆ. ನೂರು ಗ್ರಾಂಗೆ ಸುಮಾರು 567. ಹಾಗಾಗಿ 110 ಗ್ರಾಂ.

"ಹಸಿವಾ?" ಅಂದಳು ಹೆಂಡತಿ.

"ಇಲ್ಲ."

"ಮತ್ತೆ ಯಾಕೆ ತಿಂತಿದೀರಿ?"

"ಲೆಕ್ಕ ಕಮ್ಮಿ ಬಿದ್ದಿದೆ."

ಆಕೆ ಏನೂ ಹೇಳದೆ ದೀಪ ಆರಿಸಿ ಹೋದಳು. ತೂಕ ಇಳಿಸಲು ಹೊರಟವನು ಹಸಿವೇ ಇಲ್ಲದೆ, ಕತ್ತಲಲ್ಲಿ ನಿಂತು ಕಡಲೆಕಾಯಿ ಬೀಜ ಅಗಿಯುತ್ತಿದ್ದೆ. ಒಂದು ದಿನ ಕಡಿಮೆ ತಿಂದರೆ ದೇಹ 'ಉಪವಾಸದ ಸ್ಥಿತಿ'ಗೆ ಜಾರಿ, ಕೊಬ್ಬು ಕರಗುವುದೇ ನಿಂತುಬಿಡುತ್ತದೆ ಅನ್ನುವ ಮಾತು ಎಲ್ಲೋ ಕೇಳಿದ್ದೆ. ಭಯ ಅದರದ್ದು.

ಆ ವಾರವೇ ಕೂತು ಓದಿದೆ. ಉಪವಾಸದ ಬಗ್ಗೆ ಯಾರು ಬರೆದರೂ ಕೊನೆಗೆ ಬಂದು ನಿಲ್ಲುವುದು ಅಮೆರಿಕದ ಮಿನ್ನೆಸೋಟದ ಪ್ರಯೋಗಕ್ಕೆ. 1944ರ ಕೊನೆಯಲ್ಲಿ ಸಂಶೋಧಕ ಅನ್ಸೆಲ್ ಕೀಸ್ ಮತ್ತು ಜೊತೆಗಾರರು 36 ಆರೋಗ್ಯವಂತ ಯುವಕರನ್ನು ಇಟ್ಟುಕೊಂಡು ಶುರುಮಾಡಿದ್ದು. 24 ವಾರ ದಿನಕ್ಕೆ ಸುಮಾರು 1,570 ಕ್ಯಾಲೊರಿ, ಜೊತೆಗೆ ವಾರಕ್ಕೆ 35 ಕಿಲೋಮೀಟರ್ ನಡಿಗೆ. ಅವರ ತೂಕದಲ್ಲಿ ಕಾಲುಭಾಗ ಹೋಯಿತು. ಸುಮ್ಮನಿದ್ದಾಗ ದೇಹ ಸುಡುವ ಶಕ್ತಿ ಸುಮಾರು ಶೇ. 40ರಷ್ಟು ಕುಸಿಯಿತು. ಆ ಕುಸಿತದಲ್ಲೂ ದೊಡ್ಡ ಪಾಲು ದೇಹವೇ ಚಿಕ್ಕದಾಗಿದ್ದರಿಂದ ಆದದ್ದು. ಇಷ್ಟೆಲ್ಲ ಆದರೂ ತೂಕ ಇಳಿಯುತ್ತಲೇ ಇತ್ತು. ಆರು ತಿಂಗಳ ಅರೆಹೊಟ್ಟೆಗೂ ನನ್ನ ಒಂದು ಮಂಗಳವಾರಕ್ಕೂ ಎಲ್ಲಿಯ ಹೋಲಿಕೆ? ಒಂದು ದಿನ 640 ಕಡಿಮೆ ಬಿದ್ದರೆ ಚಯಾಪಚಯ, ಅಂದರೆ ದೇಹ ಶಕ್ತಿ ಸುಡುವ ಕೆಲಸ, ಬಾಗಿಲು ಮುಚ್ಚುವುದಿಲ್ಲ.

ಧೈರ್ಯ ಬಂತು. ಬಂದದ್ದು ಸ್ವಲ್ಪ ಅತಿಯಾಯಿತು.

20ರಿಂದ 42ನೇ ದಿನ. ಕಡಿಮೆ ತಿಂದರೆ ತೊಂದರೆಯಿಲ್ಲ ಅಂದಮೇಲೆ ಬೇಕೆಂದೇ ಕಡಿಮೆ ತಿಂದರೇನು? ಶೀಟಿನಲ್ಲಿ 1,500ಕ್ಕಿಂತ ಕೆಳಗಿನ ದಿನಕ್ಕೆ ಹಸಿರು ಬಣ್ಣ ಬರುವ ಹಾಗೆ ಮಾಡಿದೆ. ಬಣ್ಣದ ಆಸೆ ಕೆಟ್ಟದ್ದು. ಪಕ್ಕದಲ್ಲೇ 'ಯಾಕೆ' ಅಂತ ಒಂದು ಕಾಲಂ ಹಾಕಿದೆ, ಆಗ ಅದಕ್ಕೆ ಏನು ಉಪಯೋಗ ಅಂತ ನನಗೇ ಗೊತ್ತಿರಲಿಲ್ಲ.

37ನೇ ದಿನ ಒಬ್ಬರ ಮನೆಯ ಊಟ, 2,750. ಮರುದಿನ ಪ್ರಾಯಶ್ಚಿತ್ತ, 1,180. 39ರ ಬೆಳಗ್ಗೆ ತೂಕದ ಯಂತ್ರ ಹತ್ತಿದರೆ 900 ಗ್ರಾಂ ಇಳಿದಿದೆ! ಇಳಿದು, ಮತ್ತೆ ಹತ್ತಿ, ಖಾತ್ರಿ ಮಾಡಿಕೊಂಡೆ. ಆ ಖುಷಿಯಲ್ಲಿ ಸಣ್ಣದೊಂದು ಲೆಕ್ಕವನ್ನೂ ಮಾಡಲಿಲ್ಲ. 38ನೇ ದಿನದ ಒಟ್ಟು ಕೊರತೆ, 2,400ರಲ್ಲಿ 1,180 ಕಳೆದರೆ, ಸುಮಾರು 1,220. ಒಂದು ಕಿಲೋ ಕೊಬ್ಬಿಗೆ ಸುಮಾರು 7,700 ಅಂತ ಹಿಡಿದರೆ ಕರಗಿರಬಹುದಾದದ್ದು 160 ಗ್ರಾಂ. ಉಳಿದದ್ದು ನೀರು ಮತ್ತು ಹೊಟ್ಟೆಯಿಂದ ಖಾಲಿಯಾದ ಊಟ. ದೇಹ ಗ್ಲೈಕೋಜನ್ ರೂಪದಲ್ಲಿ ಕೂಡಿಡುವ ಸಕ್ಕರೆಯ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರೂ ಕೂತಿರುತ್ತದೆ. ಕಡಿಮೆ ತಿಂದ ದಿನ ಗ್ಲೈಕೋಜನ್ ಖರ್ಚಾದರೆ ನೀರೂ ಅದರ ಹಿಂದೆಯೇ ಹೋಗುತ್ತದೆ. ಉಪ್ಪು ಕಡಿಮೆ ಬಿದ್ದರಂತೂ ಇನ್ನೂ ಸ್ವಲ್ಪ.

40ರ ಸಂಜೆ ಏಳು ಗಂಟೆಗೆ ಅಡುಗೆಮನೆಯ ಕಪಾಟಿಗೆ ಒರಗಿಕೊಂಡು ಡಬ್ಬಿಯಿಂದಲೇ ತಿನ್ನುತ್ತಿದ್ದೆ. ತಕ್ಕಡಿ ಎರಡಡಿ ದೂರದಲ್ಲಿತ್ತು. ನೋಡಿದೆ, ಮುಟ್ಟಲಿಲ್ಲ. ಮುಷ್ಟಿಯ ಅಂದಾಜಿನಲ್ಲಿ ಬರೆದುಕೊಂಡದ್ದು 2,640. 41ರ ಬೆಳಗ್ಗೆ ತೂಕ 1.1 ಕೆಜಿ ಮೇಲೆ.

ಈ ವಾರ. ಭಾನುವಾರ ಕೂತು 77 ದಿನವನ್ನೂ ಜಾಲಾಡಿದೆ. 1,500ಕ್ಕಿಂತ ಕೆಳಗೆ ಇದ್ದದ್ದು 17 ದಿನ. 'ಯಾಕೆ' ಕಾಲಂ ಪ್ರಕಾರ ಬಿಡಿಸಿದಾಗ ಮೂರು ಗುಂಪಾಯಿತು. ಕಾಲಂ ಇಲ್ಲದ ಹಳೆಯ ದಿನಗಳನ್ನು ನೆನಪಿನಿಂದ ತುಂಬಿದ್ದೇನೆ.

ಮೂರು ದಿನ ಶುದ್ಧ ಸುಳ್ಳು. ಕಡಿಮೆ ತಿಂದದ್ದಲ್ಲ, ರಾತ್ರಿಯದನ್ನು ಬರೆಯುವುದೇ ಮರೆತದ್ದು. ಒಂದು ದೊಡ್ಡ ಚಮಚ ಎಣ್ಣೆಯೇ 120 ಕ್ಯಾಲೊರಿ, ನಾನು ಎಣ್ಣೆ ಅಳೆಯಲು ಶುರುಮಾಡಿದ್ದೇ ನಾಲ್ಕನೇ ವಾರದಲ್ಲಿ. 1992ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಒಂದು ಅಧ್ಯಯನ ಇದೆ. 1,200ಕ್ಕಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಅನ್ನುತ್ತಿದ್ದವರನ್ನು ಅಳೆದು ನೋಡಿದಾಗ, ತಾವು ತಿನ್ನುವುದನ್ನು ಅವರು ಸರಾಸರಿ ಶೇ. 47ರಷ್ಟು ಕಡಿಮೆ ಹೇಳಿದ್ದರು. ಮೋಸ ಮಾಡುವ ಜನ ಅಂತಲ್ಲ. ನಾನೂ ಮೋಸ ಮಾಡಿರಲಿಲ್ಲ, ಆದರೂ ಮೂರು ಹಸಿರು ಚೌಕ ಸುಳ್ಳಾಗಿದ್ದವಲ್ಲ. ಅವನ್ನು ಅಳಿಸಿದೆ.

ಐದು ದಿನ ತಾನಾಗಿ ಆದದ್ದು. ಜ್ವರ ಎರಡು ದಿನ, ಪ್ರಯಾಣ ಒಂದು ದಿನ, ಬರೀ 'ಹಸಿವಾಗಲಿಲ್ಲ' ಅಂತ ಬರೆದದ್ದು ಎರಡು. ಇವುಗಳ ಸರಾಸರಿ 1,420, ಅಂದರೆ ಗುರಿಗಿಂತ 480 ಕಡಿಮೆ. ನಂತರದ ಎರಡೆರಡು ದಿನಗಳ ಸರಾಸರಿ 1,930. ಎರಡು ದಿನ ಸೇರಿ ವಾಪಸ್ ಹೋದದ್ದು ಬರೀ 60.

ಒಂಬತ್ತು ದಿನ ಬೇಕೆಂದೇ ಮಾಡಿದ್ದು. ಪ್ರಾಯಶ್ಚಿತ್ತ, ಇಲ್ಲವೇ ಹಸಿರು ಚೌಕದ ದುರಾಸೆ. ಸರಾಸರಿ 1,350, ಉಳಿಸಿದ್ದು 550. ನಂತರದ ಎರಡು ದಿನಗಳ ಸರಾಸರಿ 2,310. ಅಂದರೆ 820 ವಾಪಸ್. ಉಳಿಸಿದ 550ಕ್ಕೆ ಎರಡೇ ದಿನದಲ್ಲಿ 270 ಬಡ್ಡಿ!

ಈ ಅಂಕಿ ಕಣ್ಣಿಗೆ ಬಿದ್ದಮೇಲೆ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ಒಂಬತ್ತು ಸಲ ಹೊಟ್ಟೆ ಕಟ್ಟಿ ಗಳಿಸಿದ್ದು ಸೊನ್ನೆಗಿಂತ ಕಡಿಮೆ. ಹೆದರಬೇಕಾದದ್ದು ಚಯಾಪಚಯಕ್ಕಲ್ಲ, ಎರಡು ದಿನ ತಡವಾಗಿ ಬರುವ ಹಸಿವಿಗೆ. ಮಿನ್ನೆಸೋಟದ ಆ ಯುವಕರಲ್ಲೂ ಅಷ್ಟೇ: ಊಟ ವಾಪಸ್ ಕೊಟ್ಟಮೇಲೂ ಹಸಿವು ತೀರದೆ ಕೆಲವರು ವಾರಗಟ್ಟಲೆ ಬಕಬಕ ತಿಂದರಂತೆ. ಓದುವಾಗ ಚಯಾಪಚಯದ ಸಾಲಿಗೆ ಗೆರೆ ಎಳೆದಿದ್ದೆ, ಈ ಸಾಲನ್ನು ದಾಟಿ ಹೋಗಿದ್ದೆ.

ಒಂದು ವಿಷಯ ಗಮನಿಸಿದೆ. ಒಂಬತ್ತರಲ್ಲಿ ಎರಡು ದಿನ ಬಡ್ಡಿ ಬೀಳಲಿಲ್ಲ. ಎರಡರಲ್ಲೂ ಮೊಟ್ಟೆ, ಮೊಸರು ಸರಿಯಾಗಿ ತಿಂದಿದ್ದೆ, ಪ್ರೋಟೀನ್ 100 ಗ್ರಾಂ ಹತ್ತಿರ ಇತ್ತು. ಉಳಿದವು ಬೆಳಗ್ಗೆ ಏನೂ ತಿನ್ನದೆ ಮಧ್ಯಾಹ್ನ ಎಲೆಸೊಪ್ಪು ಅಗಿದ ದಿನಗಳು. ಎರಡೇ ದಿನ ನೋಡಿ ನಿಯಮ ಮಾಡಲು ಆಗದು, ಆದರೂ ಮುಂದಿನ ತಿಂಗಳು ಇದರ ಮೇಲೆ ಕಣ್ಣಿಡುತ್ತೇನೆ.

ಬದಲಾವಣೆಗಳು ಹೀಗಿವೆ. ಹಸಿರು ಬಣ್ಣ ತೆಗೆದೆ. ದಿನದ ಮೊತ್ತದ ಪಕ್ಕ ವಾರದ ಮೊತ್ತ ಬಂತು, 13,300. ರಾತ್ರಿ ಹಸಿವಿಲ್ಲದಿದ್ದರೆ ಬಾಕಿಯನ್ನು ತುಂಬಿಸುವುದಿಲ್ಲ, 1,450ಕ್ಕೆ ನಿಂತರೆ ಅಲ್ಲಿಗೇ ಬಿಡುತ್ತೇನೆ. ಆದರೆ ಬೇಕೆಂದು 1,500ಕ್ಕಿಂತ ಕೆಳಗೆ ಇಳಿಯುವುದಿಲ್ಲ. ವೈದ್ಯರ ಕಣ್ಗಾವಲಿಲ್ಲದೆ ದಿನವೂ ತಿನ್ನುವಾಗ ಗಂಡಸರಿಗೆ 1,500, ಹೆಂಗಸರಿಗೆ 1,200 ಅನ್ನುವುದು ಸಾಮಾನ್ಯವಾಗಿ ಹೇಳುವ ತಳ. 800ಕ್ಕಿಂತ ಕೆಳಗಂತೂ ವೈದ್ಯರಿಲ್ಲದೆ ಬೇಡವೇ ಬೇಡ. ತೂಕ ತೀರಾ ಬೇಗ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಸಾಧ್ಯತೆಯೂ ಹೆಚ್ಚು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ನನ್ನ 'ಅಲ್ಲಿಗೇ ಬಿಡುತ್ತೇನೆ' ಹೊಂದುವುದಿಲ್ಲ, ಕಡಿಮೆ ತಿಂದ ದಿನ ಸಕ್ಕರೆ ಕುಸಿಯಬಹುದು.

ಭಾರಿ ಊಟದ ಮರುದಿನಕ್ಕೂ ಒಂದು ತೀರ್ಮಾನ: ಏನೂ ಮಾಡುವುದಿಲ್ಲ, ಅದೇ 1,900. ತೀರಾ ತಡೆಯಲಾಗದಿದ್ದರೆ ಹೆಚ್ಚಾದದ್ದನ್ನು ಏಳು ದಿನಕ್ಕೆ ಹಂಚುತ್ತೇನೆ. 37ನೇ ದಿನದ 850ನ್ನು ಹಾಗೆ ಹಂಚಿದ್ದರೆ ದಿನಕ್ಕೆ 120 ಬೀಳುತ್ತಿತ್ತು, ಒಂದು ದೊಡ್ಡ ಚಮಚ ಎಣ್ಣೆಯಷ್ಟು.

ಸೂತ್ರಕ್ಕೆ ಈಗಿನ 80.3 ಹಾಕಿದರೆ ದಿನದ ಖರ್ಚು 2,350ಕ್ಕೆ ಇಳಿದಿದೆ, ಕೊರತೆ 450. ಗುರಿಯನ್ನು 1,850 ಮಾಡಲು ಕೈ ತುರಿಸುತ್ತಿದೆ. ಮಾಡುವುದಿಲ್ಲ. ನಿನ್ನೆ 1,480ಕ್ಕೆ ನಿಂತಿತ್ತು. ಚೌಕ ಬಿಳಿಯಾಗಿಯೇ ಉಳಿಯಿತು. 'ಯಾಕೆ' ಕಾಲಮಿನಲ್ಲಿ 'ನಿದ್ದೆ ಬಂತು' ಅಂತ ಬರೆದಿದ್ದೇನೆ, ಇವತ್ತಿನ ಮತ್ತು ನಾಳೆಯ ಅಂಕಿ ಇನ್ನೂ ಬರಬೇಕು.