ಮ್ಯೂನಿಕ್‌ನ ಒಣ ಬಚ್ಚಲು, ಕುವೆಂಪುನಗರದ ಒದ್ದೆ ಬಚ್ಚಲು

ಮ್ಯೂನಿಕ್‌ನಲ್ಲಿ ಬಾಡಿಗೆ ಮನೆ ನೋಡಲು ಹೋಗುವ ನಮ್ಮೂರಿನವರು ಬಚ್ಚಲಿನ ಬಾಗಿಲಲ್ಲಿ ನಿಂತು ನೆಲವನ್ನೇ ಹುಡುಕುತ್ತಾರೆ. ನೀರು ಹೋಗುವ ತೂತು ಎಲ್ಲಿ? ಸಾಮಾನ್ಯವಾಗಿ ಇರುವುದೇ ಇಲ್ಲ. ಶವರ್ ಕೆಳಗೆ ಒಂದು, ಬೇಸಿನ್‌ಗೆ ಒಂದು, ಅಷ್ಟೇ. ಉಳಿದ ನೆಲಕ್ಕೆ ಜಾಲರಿಯೂ ಇಲ್ಲ, ಇಳಿಜಾರೂ ಇಲ್ಲ. ಊರಿನ ಅಭ್ಯಾಸದಂತೆ ಬಕೆಟ್ ಇಟ್ಟುಕೊಂಡು ಚೊಂಬಿನಲ್ಲಿ ನೀರು ಸುರಿದುಕೊಂಡರೆ ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟುತ್ತಾರೆ. ಇಲ್ಲಿ ಬಚ್ಚಲು ಅಂದರೆ ಒಣ ಕೋಣೆ. ನೆಲದ ಮೇಲೆ ಬಟ್ಟೆಯ ಮ್ಯಾಟ್, ಮೂಲೆಯಲ್ಲಿ ಮರದ ಬೀರು, ಕೆಲವರ ಮನೆಯಲ್ಲಿ ಓದಲು ಪುಸ್ತಕ ಬೇರೆ.

ಇದನ್ನು ಈಗ ಬರೆಯಲು ಕಾರಣ ನಮ್ಮ ಅತ್ತಿಗೆ. ಮೈಸೂರಿನ ಕುವೆಂಪುನಗರದ ಮನೆಯ ಬಚ್ಚಲು ಹಳೆಯದಾಗಿದೆ, ಟೈಲ್ಸ್ ಕಿತ್ತು ಹೊಸದಾಗಿ ಮಾಡಿಸುತ್ತಿದ್ದಾರೆ. ಇಂಟರ್ನೆಟ್‌ನಲ್ಲಿ ಕಂಡ ಚಂದದ ಫೋಟೋಗಳೆಲ್ಲ ನನ್ನ ವಾಟ್ಸಾಪಿಗೆ ಬರುತ್ತಿವೆ. ಬೆತ್ತದ ಬುಟ್ಟಿಯಲ್ಲಿ ಸುರುಳಿ ಸುತ್ತಿಟ್ಟ ಟವೆಲ್, ಗೋಡೆಗೆ ಒರಗಿಸಿದ ಮರದ ಏಣಿ, ಗಾಜಿನ ಭರಣಿಯಲ್ಲಿ ಹತ್ತಿ. "ನಿಮ್ಮ ಕಡೆ ಎಲ್ಲಾ ಹೀಗೇ ಇರುತ್ತಲ್ವೇನೇ? ನಾವೂ ಹೀಗೇ ಮಾಡಿಸೋಣ" ಅನ್ನುತ್ತಾರೆ. ಇಲ್ಲಿ ಹೀಗೇ ಇರುತ್ತದೆ ಅನ್ನುವುದು ನಿಜ. ಆದರೆ ಅವೆಲ್ಲ ಒಣ ಬಚ್ಚಲಿನ ಫೋಟೋಗಳು ಅತ್ತಿಗೆ. ಅವನ್ನು ಊರಿನ ಒದ್ದೆ ಬಚ್ಚಲಿಗೆ ತಂದರೆ ಒಂದು ಮಳೆಗಾಲವೂ ಬಾಳುವುದಿಲ್ಲ.

ಮೊದಲು ಇಲ್ಲಿಯದನ್ನು, ಅಂದರೆ ನಾವಿರುವ ಮ್ಯೂನಿಕ್‌ನದನ್ನು ಹೇಳುತ್ತೇನೆ. ನಮ್ಮ ಬಚ್ಚಲು ಹೆಚ್ಚೂಕಮ್ಮಿ 4 ಚದರ ಮೀಟರ್, ಅಂದರೆ 43 ಚದರ ಅಡಿ. ಕಮೋಡ್, ಬೇಸಿನ್, ಶವರ್, ಬಟ್ಟೆ ಒಗೆಯುವ ಮೆಷಿನ್ ಎಲ್ಲವೂ ಅದರಲ್ಲೇ. ಕಿಟಕಿ ಇಲ್ಲ. ಲೈಟ್ ಹಾಕಿದರೆ ಫ್ಯಾನ್ ತಾನೇ ಶುರುವಾಗುತ್ತದೆ, ಲೈಟ್ ಆರಿಸಿದ ಮೇಲೂ ಸ್ವಲ್ಪ ಹೊತ್ತು ತಿರುಗಿ ಹಬೆಯನ್ನು ಎಳೆದು ಹಾಕುತ್ತದೆ. ಹಳ್ಳಿಯ ಕೊಟ್ಟಿಗೆಯಲ್ಲೂ ಇದಕ್ಕಿಂತ ಜಾಗ ಜಾಸ್ತಿ ಅಂತ ಅಪ್ಪ ವಿಡಿಯೋ ಕಾಲ್‌ನಲ್ಲಿ ನಕ್ಕಿದ್ದರು.

ಇಷ್ಟು ಜಾಗದಲ್ಲಿ ಸಾಮಾನು ಹಿಡಿಸುವುದು ಮೆಷಿನ್ನಿನ ಮೇಲೆ. ಇಲ್ಲಿಯ ಮೆಷಿನ್ ಸಾಮಾನ್ಯವಾಗಿ 60 ಸೆಂಟಿಮೀಟರ್ ಅಗಲ, 85 ಎತ್ತರ. ಅದರ ಆಚೀಚೆ ಕಾಲೂರಿ ಮೇಲೆ ಹಲಗೆ ಬರುವ ಸ್ಟ್ಯಾಂಡ್ ಅಂಗಡಿಯಲ್ಲಿ ಸಿಗುತ್ತದೆ. ಸ್ಟ್ಯಾಂಡ್ ಮೆಷಿನ್ನಿಗೆ ತಾಗಬಾರದು, ಗೋಡೆಗೆ ಬಿಗಿದಿರಬೇಕು. ಇಲ್ಲದಿದ್ದರೆ ಬಟ್ಟೆ ಹಿಂಡುವಾಗ ಮೆಷಿನ್ ಕುಣಿದು ಮೇಲಿನ ಬಾಟಲಿಗಳೂ ಜೊತೆಗೆ ಕುಣಿಯುತ್ತವೆ. ಕೈಗೆಟುಕುವ ಹಲಗೆಯಲ್ಲಿ ಒಗೆಯುವ ಪುಡಿ, ಅದರ ಮೇಲೆ ಟವೆಲ್, ತೀರಾ ಮೇಲೆ ನೆಂಟರು ಬಂದಾಗ ಬೇಕಾಗುವುದು.

ಎರಡನೆಯದು ಕನ್ನಡಿ ಬೀರು. ನನಗೆ ಬಹಳ ಇಷ್ಟವಾದ ಸಾಮಾನು ಇದು. ಆಳ ಬರೀ 15 ಸೆಂಟಿಮೀಟರ್, ಅಂದರೆ ನಮ್ಮ 6 ಇಂಚು. ಇಷ್ಟು ಕಡಿಮೆ ಆಳದಲ್ಲಿ ಒಂದರ ಹಿಂದೆ ಒಂದು ಇಡಲು ಆಗುವುದಿಲ್ಲ. ಬಾಗಿಲು ತೆಗೆದರೆ ಎಲ್ಲ ಬಾಟಲಿಯ ಮುಖವೂ ಕಾಣುತ್ತದೆ. ಊರಿನಲ್ಲಿ ಬೇಸಿನ್ ಕೆಳಗೆ ಒಂದೂವರೆ ಅಡಿ ಆಳದ ಬೀರು ಮಾಡಿಸುತ್ತಾರೆ. ಅದರ ಹಿಂದಿನ ಸಾಲಿನಲ್ಲಿ ಏನಿದೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಅರ್ಧ ಉಳಿದ ಶಾಂಪೂ, ಗಟ್ಟಿಯಾದ ಫೇಸ್‌ಪ್ಯಾಕ್, ಯಾವುದೋ ಮದುವೆಯಲ್ಲಿ ಕೊಟ್ಟ ಸೋಪಿನ ಡಬ್ಬಿ. ಇದ್ದದ್ದು ಕಾಣದೆ ಮತ್ತೆ ಅಂಗಡಿಗೆ ಹೋಗಿ ಅದನ್ನೇ ತರುತ್ತೇವೆ.

ಗೋಡೆಗೆ ಮೊಳೆ ಹೊಡೆಯುವುದು ಇಲ್ಲಿ ಸಲೀಸಲ್ಲ. ಅಡ್ವಾನ್ಸ್ ಅಂತ ಕಾನೂನಿನ ಪ್ರಕಾರ ಹೆಚ್ಚೆಂದರೆ 3 ತಿಂಗಳ ಬಾಡಿಗೆ ಇಟ್ಟುಕೊಳ್ಳಬಹುದು. ಬಿಡುವಾಗ ಅದು ಪೂರ್ತಿ ಕೈಗೆ ಬರಬೇಕಾದರೆ ಗೋಡೆ ನೆಟ್ಟಗಿರಬೇಕು. ಡ್ರಿಲ್ ಮಾಡಲೇಬೇಕಾದರೆ ಟೈಲ್ಸ್ ನಡುವಿನ ಸಂದಿಯಲ್ಲಿ ಮಾಡುತ್ತಾರೆ. ಸಂದಿಯನ್ನು ಮತ್ತೆ ಮೆತ್ತಬಹುದು, ತೂತಾದ ಟೈಲ್ ತೂತಾದಂತೆಯೇ. ಹಾಗಾಗಿ ಎಲ್ಲರ ಮನೆಯಲ್ಲೂ ಅಂಟಿಸುವ ಕೊಕ್ಕೆಗಳು. ಊರಿನಲ್ಲಿ ಇವು ನಿಲ್ಲುವುದಿಲ್ಲ ಅಂತ ಬೈಯುವವರು ತುಂಬಾ ಜನ. ನಿಲ್ಲುತ್ತವೆ, ಅಂಟಿಸುವ ಕ್ರಮ ಇದೆ. ಟೈಲ್ ಒಣಗಿರಬೇಕು. ಸೋಪಿನ ಜಿಡ್ಡು, ನೀರಿನ ಬಿಳಿ ಕಲೆ ಹೋಗುವ ತನಕ ಉಜ್ಜಿ, ಆಮೇಲೆ ಬಟ್ಟೆಗೆ ಸ್ಪಿರಿಟ್ ಹಾಕಿ ಒರೆಸಿ ಆರಲು ಬಿಡಬೇಕು. ಅಂಟಿಸಿ ಗಟ್ಟಿಯಾಗಿ ಒತ್ತಬೇಕು. ಆಮೇಲೆ ಮಾರನೆಯ ದಿನದ ತನಕ ಅದಕ್ಕೆ ಏನೂ ನೇತುಹಾಕಬಾರದು. ನಾವು ಅಂಟಿಸಿದ ಐದೇ ನಿಮಿಷಕ್ಕೆ ಒದ್ದೆ ಟವೆಲ್ ಹಾಕಿಬಿಡುತ್ತೇವೆ. ಇನ್ನು ತರಿತರಿ ಟೈಲ್ಸ್ ಮೇಲೆ ಯಾವ ಅಂಟೂ ಸರಿಯಾಗಿ ಹಿಡಿಯುವುದಿಲ್ಲ. ಹೀರಿ ಕೂರುವ ರಬ್ಬರ್ ಬಟ್ಟಲಿನ ಕೊಕ್ಕೆಯನ್ನಂತೂ ಕೊಳ್ಳಲೇಬೇಡಿ.

ಮ್ಯೂನಿಕ್ ನೀರು ಗಡಸು. ಗಾಜಿನ ಮೇಲೆ ಹನಿ ಒಣಗಿದರೆ ಸುಣ್ಣದ ಚುಕ್ಕೆ. ಅದಕ್ಕೇ ಶವರ್ ಪಕ್ಕದಲ್ಲಿ ರಬ್ಬರ್ ಪಟ್ಟಿಯ ವೈಪರ್ ಒಂದು ತೂಗುತ್ತಿರುತ್ತದೆ. ಸ್ನಾನ ಮುಗಿಸಿದವರು ಗಾಜು, ಗೋಡೆಯನ್ನು ಎಳೆದೇ ಹೊರಗೆ ಬರಬೇಕು. ಬಂದ ನೆಂಟರಿಗೂ ರಿಯಾಯಿತಿ ಇಲ್ಲ. ಮೈಸೂರಿನಲ್ಲಿ ಬೋರ್ ನೀರು ಬರುವ ಬಡಾವಣೆಗಳಲ್ಲಿ, ಮಂಡ್ಯದ ಬೋರ್‌ವೆಲ್ ಮನೆಗಳಲ್ಲಿ ನಲ್ಲಿಯ ಬುಡಕ್ಕೆ ಕಟ್ಟುವ ಬಿಳಿ ಹೆಕ್ಕಳವೂ ಇದೇ. ಇಲ್ಲಿಂದ ಊರಿಗೆ ಒಂದೇ ಒಂದು ಸಾಮಾನು ಒಯ್ಯಬೇಕು ಅಂದರೆ ನಾನು ಈ ವೈಪರ್ ಒಯ್ಯುತ್ತೇನೆ. ಒಯ್ಯುವ ಅಗತ್ಯವೂ ಇಲ್ಲ, ಮೈಸೂರಿನ ಶಿವರಾಂಪೇಟೆಯಲ್ಲೇ ಸಿಗುತ್ತದೆ.

ಈಗ ಊರಿನ ಬಚ್ಚಲಿಗೆ ಬರೋಣ. ಮಂಡ್ಯದ ಹತ್ತಿರ ಚಿಕ್ಕಮ್ಮನ ಮನೆಯಲ್ಲಿ ಇನ್ನೂ ಹಂಡೆ ಇದೆ. ಅತ್ತಿಗೆ ಕಳಿಸಿದ ಫೋಟೋವನ್ನು ಅವರಿಗೆ ತೋರಿಸಿದೆ. "ಬಚ್ಚಲಿಗೆ ಬೀರು ಯಾಕವ್ವ? ನೀರು ಉಯ್ಕಳಕ್ಕೆ ಹೋಗದಾ, ಸಂಸಾರ ಹೂಡಕ್ಕಾ?" ಅಂದುಬಿಟ್ಟರು. ಅವರ ಬಚ್ಚಲಿನಲ್ಲಿ ಗೋಡೆಯಲ್ಲೇ ಒಂದು ಗೂಡು. ಅದರಲ್ಲಿ ಸೀಗೆಪುಡಿ ಡಬ್ಬಿ, ಸೋಪು, ಮೈ ಉಜ್ಜುವ ಕಲ್ಲು. ಮೇಲೆ ಅಡ್ಡಕ್ಕೆ ಒಂದು ಗಳ, ಅದರ ಮೇಲೆ ಒಣಬಟ್ಟೆ. ಎಲ್ಲವೂ ನೀರು ಬಿದ್ದರೂ ಕೆಡದ ಸಾಮಾನು. ಇನ್ನೊಂದು ವಿಷಯವನ್ನು ನಾವು ಮರೆತೇಬಿಟ್ಟಿದ್ದೇವೆ. ಹಿಂದೆಲ್ಲ ದಿನಾ ಬೆಳಿಗ್ಗೆ ಹಂಡೆಯ ಒಲೆ ಉರಿಯುತ್ತಿತ್ತು. ಆ ಕಾವಿಗೆ ಗೋಡೆ, ನೆಲ, ಬಟ್ಟೆ ಎಲ್ಲ ಒಣಗುತ್ತಿತ್ತು. ಹೊಗೆ ಹೋಗಲು ಮೇಲೆ ಗವಾಕ್ಷಿ ಇರಲೇಬೇಕಿತ್ತು. ಗೀಸರ್, ಸೋಲಾರ್ ಬಂದವು, ಒಲೆ ಹೋಯಿತು. ಬಚ್ಚಲನ್ನು ಒಣಗಿಸುತ್ತಿದ್ದ ಬೆಂಕಿಯೂ ಹೋಯಿತು. ಆ ಜಾಗಕ್ಕೆ ನಾವು ಬೇರೆ ಏನನ್ನೂ ತರಲಿಲ್ಲ.

ಹಾಗಾಗಿ ಬೀರು, ಬುಟ್ಟಿಗಿಂತ ಮೊದಲು ಗಾಳಿ. ನಮ್ಮ ಬೀದಿಯ ಎಷ್ಟೋ ಮನೆಗಳಲ್ಲಿ ವೆಂಟಿಲೇಟರ್ ಅನ್ನುವುದೇ ಶೆಲ್ಫ್. ಗಾಜಿನ ಪಟ್ಟಿಗಳ ಮುಂದೆ ಶಾಂಪೂ, ಹರಳೆಣ್ಣೆ, ಟೂತ್‌ಬ್ರಷ್ ಡಬ್ಬ, ಹಳೇ ಶೇವಿಂಗ್ ಸೆಟ್ ಸಾಲಾಗಿ ನಿಂತಿರುತ್ತವೆ. ಗಾಳಿ ಬರುವುದು ಎಲ್ಲಿಂದ? ಗೋಡೆಯ ಹತ್ತಿರದ ತೇವ ಶೇಕಡಾ 80ರ ಮೇಲೆ ನಿಂತೇಬಿಟ್ಟರೆ ಬೂಸ್ಟು ಬರುತ್ತದೆ, ಅದು ಮ್ಯೂನಿಕ್ಕೇ ಆಗಲಿ ಮೈಸೂರೇ ಆಗಲಿ. ಅಲ್ಲಿ ಏನೂ ಇಡಬೇಡಿ, ಸಾಧ್ಯವಾದರೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಗ್ಯಾಸ್ ಗೀಸರ್ ಇರುವವರಿಗಂತೂ ಇದು ಜೀವದ ಪ್ರಶ್ನೆ. ಮುಚ್ಚಿದ ಬಚ್ಚಲಿನಲ್ಲಿ ಅದು ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಗೊತ್ತಾಗುವ ಮೊದಲೇ ಎಚ್ಚರ ತಪ್ಪುತ್ತದೆ. ಗ್ಯಾಸ್ ಗೀಸರ್ ಬಚ್ಚಲಿನ ಹೊರಗೇ ಇರಲಿ.

ಆಮೇಲೆ ಬಚ್ಚಲನ್ನು ಎರಡು ಭಾಗ ಮಾಡಿ ನೋಡಿ. ನೀರು ಸಿಡಿಯುವ ಕಡೆ, ಸಿಡಿಯದ ಕಡೆ. ಗಾಜಿನ ಗೋಡೆ ಹಾಕಿಸಿದರೆ ಒಳ್ಳೆಯದು. ಇಲ್ಲದಿದ್ದರೆ ಒಂದು ಪರದೆ, ನೆಲಕ್ಕೆ ಒಂದು ಇಂಚಿನ ಕಟ್ಟೆ ಸಾಕು. ಒದ್ದೆ ಕಡೆ ನಾಲ್ಕೇ ಸಾಮಾನು ಇರಲಿ: ಸೋಪು, ಶಾಂಪೂ, ಬಕೆಟ್, ಚೊಂಬು. ಗೂಡು ಮಾಡಿಸುವುದಾದರೆ ಗಾರೆಯವರಿಗೆ ಎರಡು ಮಾತು ಹೇಳಿ. ಗೂಡಿನ ತಳ ಒಂಚೂರು ಮುಂದಕ್ಕೆ ಇಳಿಜಾರಾಗಿರಲಿ, ಇಲ್ಲದಿದ್ದರೆ ನೀರು ನಿಂತು ಸೋಪು ಕರಗಿ ಲೋಳೆಯಾಗುತ್ತದೆ. ಗೂಡು 9 ಇಂಚಿನ ಗೋಡೆಯಲ್ಲಿ ಬರಲಿ. ರೂಮಿಗೂ ಬಚ್ಚಲಿಗೂ ನಡುವೆ ಇರುವುದು ಎಷ್ಟೋ ಕಡೆ ನಾಲ್ಕೂವರೆ ಇಂಚಿನ ಗೋಡೆ. ಅದನ್ನು ಕೊರೆಯಲು ಹೋದರೆ ಉಳಿ ಆಚೆ ಬೆಡ್‌ರೂಮಿಗೆ ಬರುತ್ತದೆ.

ಒಣ ಕಡೆ ಬೀರು ಮಾಡಿಸಬಹುದು. ಆದರೆ ಮರದ ಚೂರು, ಪುಡಿಯನ್ನು ಅಂಟು ಹಾಕಿ ಒತ್ತಿ ಮಾಡುವ ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಬೇಡ. ಮ್ಯೂನಿಕ್‌ನಲ್ಲಿ ಅವು ಬಾಳುವುದು ನೆಲ ಒಣಗಿರುವುದರಿಂದ. ನಮ್ಮಲ್ಲಿ ಬಚ್ಚಲು ತೊಳೆಯುವುದು ಅಂದರೆ ಬಕೆಟ್‌ಗಟ್ಟಲೆ ನೀರು ಎರಚುವುದು. ಕೆಳಗಿನ ಅಂಚು ನೀರು ಕುಡಿದು ಹಪ್ಪಳದ ಹಾಗೆ ಉಬ್ಬುತ್ತದೆ. ಪ್ಲೈವುಡ್ ಆದರೆ ನೀರಿಗೆ ತಡೆಯುವ ಗುಣಮಟ್ಟದ ಗುರುತಾದ ಐಎಸ್ 710 ಅಂತ ಮುದ್ರೆ ಇರುವುದು ಕೇಳಿ. ಐಎಸ್ 303 ಅಗ್ಗ, ಆದರೆ ಅದು ಒಳಮನೆಯ ಬೀರುಗಳಿಗೆ ಸರಿ. ಪಿವಿಸಿ ಹಲಗೆ, ಮರದ ಪುಡಿಗೆ ಪ್ಲಾಸ್ಟಿಕ್ ಬೆರೆಸಿ ಮಾಡುವ ಡಬ್ಲ್ಯೂಪಿಸಿ ಹಲಗೆಯೂ ನಡೆಯುತ್ತದೆ. ಯಾವುದೇ ಆಗಲಿ, ನೆಲಕ್ಕೆ ತಾಗದೆ ಗೋಡೆಗೆ ನೇತಾಡಲಿ. ಕೆಳಗೆ ಪೊರಕೆ ಹೋಗುವಷ್ಟು ಜಾಗ ಬೇಕು. ಸ್ಟೀಲ್ ಸ್ಟ್ಯಾಂಡ್ ಕೊಳ್ಳುವಾಗ 304 ಗ್ರೇಡಿನ ಸ್ಟೀಲ್ ಅಂತ ಕೇಳಿ ತನ್ನಿ. ಹೊಳಪು ನೋಡಿ 202 ತಂದರೆ ಸ್ವಲ್ಪ ದಿನಕ್ಕೆ ಬೆಸುಗೆಯ ಜಾಗದಲ್ಲಿ ಕಂದು ಚುಕ್ಕೆ ಶುರುವಾಗುತ್ತದೆ.

ತುಕ್ಕಿನ ಮಾತು ಬಂದಾಗ ಆಸಿಡ್ ಬಾಟಲಿಯ ವಿಷಯ ಹೇಳಲೇಬೇಕು. ಊರಿಗೆ ಹೋದಾಗ ಬೇಸಿನ್ ಕೆಳಗಿನ ಬೀರು ತೆಗೆದು ನೋಡಿದೆ. ಪಕ್ಕದಲ್ಲಿದ್ದ ಸ್ಟೀಲ್ ಪೈಪ್, ಬಾಗಿಲಿನ ಹಿಂಜು, ಕತ್ತರಿ ಎಲ್ಲಕ್ಕೂ ಕೆಂಪು ಪುಡಿ ಹತ್ತಿತ್ತು. ನಲ್ಲಿ ಸೋರಿರಬೇಕು ಅಂತ ಅಮ್ಮ ಪ್ಲಂಬರ್‌ಗೆ ಫೋನ್ ಮಾಡಲು ಹೊರಟಿದ್ದರು. ಸೋರಿಕೆ ಎಲ್ಲೂ ಇರಲಿಲ್ಲ. ಮೂಲೆಯಲ್ಲಿ ಮುಚ್ಚಳ ಸಡಿಲವಾದ ಆಸಿಡ್ ಬಾಟಲಿ ಇತ್ತು. ಅದರಿಂದ ಏಳುವ ಹೊಗೆ ಮುಚ್ಚಿದ ಬೀರಿನಲ್ಲಿ ನಿಂತು ಸ್ಟೇನ್‌ಲೆಸ್ ಸ್ಟೀಲನ್ನೂ ತಿನ್ನುತ್ತದೆ. ಅದರ ಒತ್ತಿಗೇ ಬ್ಲೀಚಿಂಗ್ ಪುಡಿಯ ಪ್ಯಾಕೆಟ್. ಈ ಎರಡು ಸೇರಿದರೆ ಕ್ಲೋರಿನ್ ಗಾಳಿ ಬರುತ್ತದೆ, ಎದೆಗೆ ಹೊಡೆಯುವ ವಿಷ ಅದು. ಟಾಯ್ಲೆಟ್ ತೊಳೆಯುವ ದ್ರವಗಳಲ್ಲೂ ಹೆಚ್ಚಿನವು ಆಸಿಡ್ಡೇ. ಆಸಿಡ್ ಒಂದು ಕಡೆ, ಬ್ಲೀಚಿಂಗ್ ಪುಡಿ ಬೇರೆ ಕಡೆ, ಎರಡೂ ಮಕ್ಕಳ ಕೈಗೆ ಸಿಗದ ಹಾಗೆ, ಬಚ್ಚಲಿನ ಹೊರಗೆ ಗಾಳಿಯಾಡುವ ಜಾಗದಲ್ಲಿ. ನಮ್ಮನೆಯಲ್ಲಿ ಈಗ ಆಸಿಡ್ ಹಿತ್ತಲಿನ ಗೂಡಿಗೆ ಹೋಗಿದೆ.

ಮಾತ್ರೆಗಳೂ ಬಚ್ಚಲಿನಲ್ಲಿ ಬೇಡ. ಸಿನಿಮಾದಲ್ಲಿ ಕನ್ನಡಿ ತೆಗೆದು ಮಾತ್ರೆ ನುಂಗುವುದನ್ನು ನೋಡಿ ನಾವೂ ಅಲ್ಲೇ ಇಡುತ್ತೇವೆ. ಅವುಗಳಿಗೆ ತಂಪಾದ, ಒಣ ಜಾಗ ಬೇಕು ಅಂತ ಪ್ಯಾಕೆಟ್ ಮೇಲೇ ಬರೆದಿರುತ್ತದೆ. ಹಾಗೆಯೇ ಡಜನ್‌ಗಟ್ಟಲೆ ತಂದ ಸೋಪು, ಪೇಸ್ಟು. ಬಳಸುತ್ತಿರುವುದು ಮಾತ್ರ ಒಳಗೆ, ಉಳಿದದ್ದು ರೂಮಿನ ಬೀರಿಗೆ. ಅಮ್ಮ ಮೊದಲಿಂದಲೂ ಮೈಸೂರು ಸ್ಯಾಂಡಲ್ ಸೋಪನ್ನು ಸೀರೆಗಳ ನಡುವೆ ಇಡುತ್ತಾರೆ. ಇದಕ್ಕಿಂತ ಒಳ್ಳೆಯ ಉಪಾಯ ನಾನು ಇಲ್ಲಿ ಯಾವ ಅಂಗಡಿಯಲ್ಲೂ ನೋಡಿಲ್ಲ. ಬೆತ್ತದ ಬುಟ್ಟಿ ಬೇಕೇ ಬೇಕು ಅನ್ನುವ ಅತ್ತಿಗೆಗೆ, ಅದು ಬಾಗಿಲ ಹೊರಗೆ ಇರಲಿ, ಒಗೆಯುವ ಬಟ್ಟೆ ಹಾಕೋಣ, ಆದರೆ ಒಣಗಿದ್ದು ಮಾತ್ರ ಅಂದಿದ್ದೇನೆ.

ಅಪ್ಪನಿಗೆ ಈಗ ಮೊಣಕಾಲು ನೋವು. ಅವರಿಗಾಗಿ ಒಂದು ಬದಲಾವಣೆ. ದಿನಾ ಬೇಕಾದ ಯಾವುದನ್ನೂ ಮೊಣಕಾಲಿಗಿಂತ ಕೆಳಗೆ, ಭುಜಕ್ಕಿಂತ ಮೇಲೆ ಇಡುವುದಿಲ್ಲ. ಬಕೆಟ್‌ಗೂ ಒಂದು ಗಟ್ಟಿ ಸ್ಟೂಲ್. ಟವೆಲ್ ಕಂಬಿಯನ್ನು ಹಿಡಿದು ಏಳುವ ಅಭ್ಯಾಸ ಹಿರಿಯರಿಗೆಲ್ಲ ಇರುತ್ತದೆ. ಆ ಕಂಬಿ ಬಟ್ಟೆಯ ಭಾರಕ್ಕೆ ಮಾಡಿದ್ದು, ಆಳಿನ ಭಾರಕ್ಕಲ್ಲ. ಕಮೋಡ್ ಪಕ್ಕ ಹಿಡಿಕೆ ಬೇರೆಯೇ ಹಾಕಿಸಬೇಕು, ಅದೂ ಟೈಲ್ಸ್‌ಗೆ ಅಂಟಿಸಿದ್ದಲ್ಲ, ಇಟ್ಟಿಗೆಯ ತನಕ ಬೋಲ್ಟ್ ಹೊಡೆದದ್ದು. ಅಪ್ಪ ಮೊದಲು ಬೇಡವೇ ಬೇಡ ಅಂದರು. "ನನಗೇನು ಅಷ್ಟು ವಯಸ್ಸಾಗಿಲ್ಲ" ಅನ್ನುವುದು ಅವರ ವಾದ. ಒದ್ದೆ ಬಟ್ಟೆ ಹಾಕಲು ಅಂತ ಹೇಳಿ ಹಾಕಿಸಿದ್ದೇವೆ.

ಹಳೇ ಸಾಮಾನು ಹೊರಗೆ ಹಾಕುವುದಕ್ಕೆ ನೀರು ತುಂಬುವ ಹಬ್ಬಕ್ಕಿಂತ ಒಳ್ಳೆಯ ದಿನ ಇಲ್ಲ. ನರಕ ಚತುರ್ದಶಿಯ ಹಿಂದಿನ ದಿನ ಹೇಗೂ ಬಚ್ಚಲು ತೊಳೆಯಬೇಕು, ಹಂಡೆ ಬೆಳಗಬೇಕು. ಆವತ್ತು ಎಲ್ಲವನ್ನೂ ಹೊರಗೆ ತಂದು ಜಗುಲಿಯ ಮೇಲೆ ಹರಡಿ. ಯಾರೂ ನನ್ನದು ಅಂತ ಎತ್ತಿಕೊಳ್ಳದ ಬಾಟಲಿ ವಾಪಸ್ ಒಳಗೆ ಹೋಗದಿರಲಿ.

ಅಳತೆ ತೆಗೆದುಕೊಳ್ಳದೆ ಅಂಗಡಿಗೆ ಹೋಗಬೇಡಿ. ಬಾಗಿಲು ಪೂರ್ತಿ ತೆರೆದಾಗ ಎಲ್ಲಿಗೆ ಬರುತ್ತದೆ, ನಲ್ಲಿ ಎಷ್ಟು ಮುಂದಿದೆ, ಬೀರಿನ ಬಾಗಿಲು ಕಮೋಡಿಗೆ ಬಡಿಯುತ್ತದಾ, ಇಷ್ಟು ಬರೆದುಕೊಂಡು ಹೋಗಿ. ಗೀಸರ್ ಕೆಳಗೆ ಖಾಲಿ ಜಾಗ ಕಂಡಿತು ಅಂತ ಅಲ್ಲಿ ಹಲಗೆ ಹೊಡೆಸಬೇಡಿ ಅತ್ತಿಗೆ. ಕಾಯಿಲ್ ಬಿಚ್ಚುವುದು ಕೆಳಗಿನಿಂದ. ರಿಪೇರಿಗೆ ಬಂದವರು ಮೊದಲು ಕೀಳುವುದು ಆ ಹಲಗೆಯನ್ನೇ.