ಮೂರು ದೇಶ, ಒಬ್ಬ ಕವಿ

ಬೆಳಿಗ್ಗೆಯಿಂದ ರಷ್ಯನ್ ಕವಿ ವಲೇರಿ ಪೆರೆಲೆಶಿನ್ ತಲೆಯಲ್ಲೇ ಕೂತಿದ್ದಾರೆ. 1913ರಲ್ಲಿ ಸೈಬೀರಿಯಾದ ಇರ್ಕುತ್ಸ್ಕ್‌ನಲ್ಲಿ ಹುಟ್ಟಿದವರು. ಏಳು ವರ್ಷಕ್ಕೆ ಅಮ್ಮನ ಕೈ ಹಿಡಿದು ಚೀನಾದ ಹಾರ್ಬಿನ್ ಸೇರಿದರು. ಚೀನೀ ಭಾಷೆ ಕಲಿತರು, ಅದನ್ನು ತಮ್ಮದೇ ಮಾಡಿಕೊಂಡರು. ಆಮೇಲೆ ಆ ನೆಲವೂ ತಪ್ಪಿತು. ಉಳಿದ ಬದುಕೆಲ್ಲ ಬ್ರೆಜಿಲ್‌ನ ರಿಯೋದಲ್ಲಿ.

ಚೀನೀ ಕವಿತೆಗಳನ್ನು ಅವರು ರಷ್ಯನ್‌ಗೆ ತಂದರು. ಆ ಸಂಕಲನದ ಹೆಸರು ‘ಬೀಸಣಿಗೆಯ ಮೇಲಿನ ಕವಿತೆಗಳು’. ಎಷ್ಟು ಚೆಂದ! ಅಚ್ಚಾಗಿದ್ದು 1970ರಲ್ಲಿ, ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ. ಹುಟ್ಟಿದ ದೇಶದಲ್ಲೂ ಅಲ್ಲ, ಬೆಳೆದ ದೇಶದಲ್ಲೂ ಅಲ್ಲ.

ನನ್ನನ್ನು ಜಾಸ್ತಿ ಕಾಡುವುದು ಅವರು ಅನುವಾದಿಸಿದ ‘ಲಿ ಸಾವೊ’ ಎಂಬ ಕವಿತೆ. ರಾಜನಿಂದ ಗಡಿಪಾರಾದ ಚೀನೀ ಕವಿ ಚ್ಯು ಯುವಾನ್ ಎರಡು ಸಾವಿರ ವರ್ಷಕ್ಕೂ ಹಿಂದೆ ತೋಡಿಕೊಂಡ ಸಂಕಟ ಅದು. ಊರು ಬಿಟ್ಟವನ ನೋವು ಊರು ಬಿಟ್ಟವನ ಕೈಗೇ ಬಂತು. ಆ ಸಾಲುಗಳ ಮುಂದೆ ಅವರು ಎಷ್ಟು ಹೊತ್ತು ಸುಮ್ನೆ ಕೂತಿರಬಹುದು, ಅಲ್ವಾ?