ಉಪವಾಸದ ದಿನದ ಗಾಯ

ವ್ರತದ ದಿನ ಉಪವಾಸವಿದ್ದು, ರಾತ್ರಿ ದೇವರ ಮುಂದೆ ಜಾಗರಣೆ ಕೂರುವುದು ಹಲವು ವರ್ಷಗಳಿಂದ ನಾನು ಪಾಲಿಸಿಕೊಂಡು ಬಂದಿರುವ ನೇಮ. ಈ ಸಲ ಬೆಳಿಗ್ಗೆ ಪೂಜೆಗೆಂದು ಹೂವಿನ ತೊಟ್ಟು ಕತ್ತರಿಸುವಾಗ ಎಡಗೈಯ ಹೆಬ್ಬೆರಳಿಗೆ ಕತ್ತರಿ ತಗುಲಿ ರಕ್ತ ಬಂತು. ಬೆರಳನ್ನು ಒತ್ತಿ ಹಿಡಿದು ನಾಮಸ್ಮರಣೆ ಮಾಡುತ್ತ ನಿಂತೆ. ಕೆಲವು ನಿಮಿಷಗಳಲ್ಲಿ ರಕ್ತ ಹನಿಯುವುದು ನಿಂತು, ಗಾಯದ ಬಾಯಿಗೆ ಕಡುಗೆಂಪಿನ ತೆಳುವಾದ ಪೊರೆ ಕಟ್ಟಿತ್ತು. ರಕ್ತದಲ್ಲಿರುವ ಪ್ಲೇಟ್‌ಲೆಟ್‌ಗಳೆಂಬ ಸೂಕ್ಷ್ಮ ಕಣಗಳು ಗಾಯವಾದೆಡೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಅವುಗಳ ಮೇಲೆ ಫೈಬ್ರಿನ್ ಎಂಬ ನಾರು ಬಲೆ ಹೆಣೆಯುತ್ತದೆ ಎಂಬುದನ್ನು ಓದಿ ಬಲ್ಲೆ. ಆದರೆ ಬಲ್ಲೆನೆಂಬ ಮಾತ್ರಕ್ಕೆ ಅದನ್ನು ಮಾಡಿದವರು ನಾವಾಗುವುದಿಲ್ಲ. ಗಾಯದ ಬಾಯಲ್ಲಿ ಕ್ಷಣದಲ್ಲಿ ಹೆಪ್ಪುಗಟ್ಟಬೇಕಾದ ಆ ರಕ್ತವೇ ನಾಳದೊಳಗೆ ಬದುಕಿಡೀ ಹೆಪ್ಪುಗಟ್ಟದೆ ಹರಿಯಬೇಕು. ಎಲ್ಲಿ ನಿಲ್ಲಬೇಕು, ಎಲ್ಲಿ ಹರಿಯಬೇಕು ಎಂಬ ಆ ವಿವೇಕದ ಮುಂದೆ ನನ್ನ ಕೈ ತಾನಾಗಿಯೇ ಮುಗಿಯಿತು.

ಮಧ್ಯಾಹ್ನ ಕಳೆದರೂ ಆಯಾಸವಾಗಿರಲಿಲ್ಲ. ಇಷ್ಟು ಹೊತ್ತು ತಡೆದುಕೊಂಡೆನಲ್ಲ ಎಂಬ ಸಣ್ಣ ಹೆಮ್ಮೆ ಮನಸ್ಸಿನಲ್ಲಿ ತಲೆಯೆತ್ತಿತ್ತೆಂದು ಒಪ್ಪಿಕೊಳ್ಳಬೇಕು. ಯಕೃತ್ತು ತಾನು ಕೂಡಿಟ್ಟುಕೊಂಡಿದ್ದ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನನ್ನು ಕರಗಿಸಿ, ರಕ್ತಕ್ಕೆ ಸಕ್ಕರೆಯಾಗಿ ಬಿಡುತ್ತ ಮಿದುಳನ್ನು ಕಾಯುತ್ತಿದ್ದುದರಿಂದಲೇ ನನ್ನ ವ್ರತ ನಡೆಯುತ್ತಿತ್ತು. ನಾನು ದೇವರಿಗಾಗಿ ಊಟ ಬಿಟ್ಟೆನೆಂದುಕೊಂಡ ಆ ಹೊತ್ತಿನಲ್ಲೂ ಒಳಗೊಬ್ಬ ದಾತ ನನಗೆ ಉಣಿಸುತ್ತಲೇ ಇದ್ದ.

ರಾತ್ರಿ ದೀಪವೊಂದನ್ನು ಬಿಟ್ಟು ಎಲ್ಲವೂ ನಿಶ್ಶಬ್ದವಾದಾಗ, ಕಟ್ಟು ಹಾಕಿದ ಬೆರಳಿನಲ್ಲಿ ನಾಡಿ ಮಿಡಿಯುವುದು ಸ್ಪಷ್ಟವಾಗಿ ಅರಿವಿಗೆ ಬಂತು. ದಿನಕ್ಕೆ ಸುಮಾರು 1 ಲಕ್ಷ ಬಾರಿ ಬಡಿಯುವ ಹೃದಯಕ್ಕೆ ಬಡಿಯೆಂದು ಮಿದುಳೂ ಅಪ್ಪಣೆ ಕೊಡಬೇಕಿಲ್ಲ. ಬಲಭಾಗದ ಮೇಲಿನ ಕೋಣೆಯಲ್ಲಿರುವ ಜೀವಕೋಶಗಳ ಪುಟ್ಟ ಗುಂಪೊಂದು ತಾನೇ ಮಿಡಿತವನ್ನು ಹುಟ್ಟಿಸುತ್ತದೆ. ಗರ್ಭದಲ್ಲಿ ಈ ಮಿಡಿತ ಶುರುವಾಗುವುದು ಗರ್ಭ ಕಟ್ಟಿದ ಮೂರು ನಾಲ್ಕು ವಾರಗಳೊಳಗೆ, ಅಂದರೆ ಎಷ್ಟೋ ಸಲ ತಾಯಿಗೂ ಸುದ್ದಿ ತಿಳಿಯುವ ಮೊದಲೇ. ಅಂದಿನಿಂದ ನಡೆದುಬಂದ ಈ ಜಪದ ಪಕ್ಕದಲ್ಲಿ ನನ್ನ ಜಪಮಾಲೆ ಎಷ್ಟು ಚಿಕ್ಕದೆನಿಸಿತು!

ಇದು ಆರೋಗ್ಯವಂತರಿಗೆ ಮಾತ್ರ ಒಪ್ಪುವ ಮಾತೆಂದು ಯಾರೂ ತಿಳಿಯಬಾರದು. ಹಾಸಿಗೆ ಹಿಡಿದ ಅಮ್ಮನ ಮೈಯನ್ನು ತಿಂಗಳುಗಟ್ಟಲೆ ಒರೆಸಿದ ಕೈ ನನ್ನದು. ಮಾತು ನಿಂತಿತ್ತು, ಕಾಲು ಸೋತಿತ್ತು. ಆದರೂ ಬೆನ್ನಿನ ಒಂದು ಹುಣ್ಣು ಅಂಚಿನಿಂದ ಒಳಕ್ಕೆ ಕೂದಲೆಳೆಯಷ್ಟೇ ಮಾಯುತ್ತ ಬಂದುದನ್ನು ಕಣ್ಣಾರೆ ಕಂಡಿದ್ದೇನೆ. ಅಷ್ಟು ಬಳಲಿದ ದೇಹದಲ್ಲೂ ಒಳಗಿನ ಆ ದಾತ ಕೆಲಸ ಬಿಟ್ಟಿರಲಿಲ್ಲ. ಅಂದು ಅಮ್ಮನ ಮೈ ಮುಟ್ಟುವಾಗ ವಿಗ್ರಹಕ್ಕೆ ಅಭಿಷೇಕ ಮಾಡುವಾಗಿನ ಎಚ್ಚರ ಕೈಗೆ ಬರುತ್ತಿತ್ತು.

ವ್ರತ ಮುಗಿದು ಹತ್ತು ದಿನಗಳಾದ ಮೇಲೆ ಬೆರಳಿನ ಹಕ್ಕಳೆ ಉದುರಿತು. ಅದರಡಿಯಲ್ಲಿ ಎಳೆಯ ಚರ್ಮ ಮೂಡಿತ್ತು. ದೀಪದ ಬೆಳಕಿಗೆ ಹಿಡಿದು ನೋಡಿದರೆ, ಹೆಬ್ಬೆರಳಿನ ಸುರುಳಿಗೆರೆಗಳು ಕಡಿದುಹೋದಲ್ಲಿಂದಲೇ ಮತ್ತೆ ಹೊರಟು ಒಂದನ್ನೊಂದು ಸೇರಿದ್ದವು.